ಹಿತ್ತಾಳೆ ಹಿಡಿಕೆಯ ಮೇಲೆ ಉಳಿಯದ ರೋಗಾಣು

1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ಎಂಬ ಊರಿನ ಹ್ಯಾಮಟ್ ವೈದ್ಯಕೀಯ ಕೇಂದ್ರದಿಂದ ಒಂದು ಪುಟ್ಟ ಲೇಖನ ಹೊರಬಂತು. ಬರೆದವರು ಫಿಲಿಸ್ ಕೂನ್. ಆಸ್ಪತ್ರೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸೋಂಕು ದಾಟುವುದಕ್ಕೆ ಬಾಗಿಲ ಹಿಡಿಕೆಯೂ ಕಾರಣವಿರಬಹುದೇ ಎಂಬುದು ಅವರ ಪ್ರಶ್ನೆ.

ಆ ಆಸ್ಪತ್ರೆಯಲ್ಲಿ ಸ್ವಚ್ಛತೆಯ ಕೆಲಸಕ್ಕೆ ಬರುವವರಿಗೆ ತರಬೇತಿ ನಡೆಯುತ್ತಿತ್ತು. ಕಣ್ಣಿಗೆ ಕಾಣದ ಕ್ರಿಮಿಗಳ ಬಗ್ಗೆ ಬಾಯಲ್ಲಿ ಎಷ್ಟು ಪಾಠ ಹೇಳಿದರೂ ಅದು ಮನಸ್ಸಿಗೆ ಇಳಿಯುವುದು ಕಷ್ಟ. ಹಾಗಾಗಿ ಕೂನ್ ಈ ತರಬೇತಿಗೆ ಬಂದವರ ಕೈಗೆ ಅಗರ್ ತಟ್ಟೆಗಳನ್ನು ಕೊಟ್ಟು, ಆಸ್ಪತ್ರೆಯ ಯಾವ ಮೂಲೆಯಿಂದ ಬೇಕಾದರೂ ಮಾದರಿ ತನ್ನಿ ಎಂದರು. ಅಗರ್ ಅಂದರೆ ಕಡಲಪಾಚಿಯಿಂದ ತೆಗೆದ ಸರಕು. ಸಿಹಿತಿಂಡಿ ಹೆಪ್ಪುಗಟ್ಟಿಸಲು ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿ ತರುತ್ತೇವಲ್ಲ, ಅದೇ. ಅದಕ್ಕೆ ರಕ್ತ ಬೆರೆಸಿ ತಟ್ಟೆಗೆ ಹೊಯ್ದರೆ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ. ಹತ್ತಿಯ ಕಡ್ಡಿಯಿಂದ ಒಂದು ಜಾಗವನ್ನು ಒರೆಸಿ, ಆ ಕೆಂಪು ಹೆಪ್ಪಿನ ಮೇಲೆ ಗೀರೆಳೆದು ಬೆಚ್ಚಗಿಟ್ಟರೆ, ಒಂದೊಂದು ಕ್ರಿಮಿಯೂ ಮರುದಿನಕ್ಕೆ ಕಣ್ಣಿಗೆ ಕಾಣುವ ಚುಕ್ಕೆಯಾಗಿ ಬೆಳೆದಿರುತ್ತದೆ.

ಬಾಗಿಲ ಹಿಡಿಕೆಗಳಿಂದ ಬಂದ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು. ಸ್ಟೇನ್‌ಲೆಸ್ ಸ್ಟೀಲ್ ಹಿಡಿಕೆಗಳ ತಟ್ಟೆಯಲ್ಲಿ ದಟ್ಟ ಬೆಳೆ. ಹಿತ್ತಾಳೆ ಹಿಡಿಕೆಗಳ ತಟ್ಟೆಯಲ್ಲಿ ಬೆಳೆ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣು ಹೇಳುತ್ತಿದ್ದುದು ಇದಕ್ಕೆ ಪೂರಾ ತಿರುಗುಮುರುಗು. ಸ್ಟೀಲು ಫಳಫಳ ಹೊಳೆಯುತ್ತಿತ್ತು, ಹಿತ್ತಾಳೆ ಕಪ್ಪಗೆ ಮಾಸಿತ್ತು. ಯಾರನ್ನು ಕೇಳಿದರೂ ಸ್ಟೀಲೇ ಚೊಕ್ಕಟ ಅನ್ನುತ್ತಿದ್ದರು.

ಕೂನ್ ಇದನ್ನು ಅಷ್ಟಕ್ಕೇ ಬಿಡಲಿಲ್ಲ. ಸ್ಟೀಲು, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಹೀಗೆ ನಾಲ್ಕು ಲೋಹದ ಪಟ್ಟಿಗಳನ್ನು ತೆಗೆದುಕೊಂಡರು. ಕರುಳಿನಲ್ಲಿರುವ ಈ. ಕೋಲೈ, ಗಾಯದಲ್ಲಿ ಕೀವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್, ಜೊತೆಗೆ ಸ್ಟ್ರೆಪ್ಟೋಕಾಕಸ್ ಮತ್ತು ಸ್ಯೂಡೋಮೊನಾಸ್, ಎಲ್ಲವೂ ಆಸ್ಪತ್ರೆಯವರಿಗೆ ಚೆನ್ನಾಗಿ ಗೊತ್ತಿರುವ ಪೀಡೆಗಳು. ಇವುಗಳ ದಟ್ಟ ಸಾರನ್ನು ಪಟ್ಟಿಗಳಿಗೆ ಹಚ್ಚಿ, ಗಾಳಿಗೆ ಒಣಗಿಸಿ, ಹೊತ್ತುಹೊತ್ತಿಗೆ ಮಾದರಿ ತೆಗೆದು ತಟ್ಟೆಗೆ ಗೀರಿದರು. ತಾಮ್ರದ ಪಟ್ಟಿ ಕೆಲವು ಕ್ರಿಮಿಗಳನ್ನು 15 ನಿಮಿಷದೊಳಗೆ ಮುಗಿಸಿತ್ತು. ಹಿತ್ತಾಳೆಗೆ ಹೆಚ್ಚೆಂದರೆ 7 ಗಂಟೆ ಬೇಕಾಯಿತು. ಅದೇ ಹಿತ್ತಾಳೆಯನ್ನು ಆಗಷ್ಟೇ ಉಜ್ಜಿ ತೊಳೆದಿದ್ದರೆ ಒಂದೇ ಗಂಟೆ. ಸ್ಟೀಲು ಮತ್ತು ಅಲ್ಯೂಮಿನಿಯಂ ಮೇಲಿದ್ದವು 8 ದಿನವಾದ ಮೇಲೂ ಸೊಂಪಾಗಿ ಬೆಳೆದವು. 3 ವಾರಕ್ಕೆ ಪ್ರಯೋಗ ನಿಲ್ಲಿಸಿದಾಗಲೂ ಹೆಚ್ಚಿನವು ಬದುಕಿಯೇ ಇದ್ದವು.

ಆ ಕಾಲಕ್ಕೆ ಆಸ್ಪತ್ರೆಗಳನ್ನು ನವೀಕರಿಸುವುದು ಎಂದರೆ ಮಾಸಿದ ಹಿತ್ತಾಳೆ ಹಿಡಿಕೆ ಕಿತ್ತು ಹೊಳೆಯುವ ಸ್ಟೀಲು ಹಾಕಿಸುವುದು ಎಂದಾಗಿತ್ತು. ಕೂನ್ ತಮ್ಮ ಲೇಖನದ ಕೊನೆಗೆ ಕೊಟ್ಟ ಸಲಹೆ ಸರಳ: ಹಳೆಯ ಹಿತ್ತಾಳೆಯನ್ನು ಉಜ್ಜಿಸಿ ಉಳಿಸಿಕೊಳ್ಳಿ, ಸ್ಟೀಲು ಇದ್ದರೆ ಅದನ್ನು, ಅದರಲ್ಲೂ ತೀವ್ರ ನಿಗಾ ಘಟಕದಲ್ಲಿ, ದಿನವೂ ಕ್ರಿಮಿನಾಶಕದಿಂದ ಒರೆಸಿ. ಆ ಮಾತನ್ನು ಕಿವಿಗೆ ಹಾಕಿಕೊಂಡವರು ಬಹಳ ಕಡಿಮೆ. ಮುಂದಿನ ಇಪ್ಪತ್ತು ವರ್ಷ ಸ್ಟೀಲೇ ಗೆದ್ದಿತು.

ಬೇಸರದ ಸಂಗತಿ ಏನೆಂದರೆ, ತಾಮ್ರದ, ತಾಮ್ರ ಬೆರೆತ ಹಿತ್ತಾಳೆಯ ಈ ಗುಣ ಕೈಗೆ ಸಿಕ್ಕಿ ಜಾರಿಹೋದದ್ದು ಅದೇ ಮೊದಲಲ್ಲ.

ಫ್ರಾನ್ಸಿನ ಮೊಂತೊಬಾನ್ ಊರಿನಲ್ಲಿ ಬೆನೆಡಿಕ್ಟ್ ಪ್ರೆವೋ ಎಂಬ ಅಧ್ಯಾಪಕರು ಗೋಧಿಯ ಕಾಡಿಗೆ ರೋಗದ ಬೆನ್ನು ಹತ್ತಿದ್ದರು. ತೆನೆಯೊಳಗಿನ ಕಪ್ಪು ಪುಡಿಯನ್ನು ನೀರಿಗೆ ಹಾಕಿ, ಸೂಕ್ಷ್ಮದರ್ಶಕದಡಿ ಅದರ ಬೀಜಕಣಗಳು ಮೊಳೆಯುವುದನ್ನು ನೋಡುತ್ತಿದ್ದರು. ತಾಮ್ರದ ಪಾತ್ರೆ ಸೋಕಿದ ನೀರಿನಲ್ಲಿ ಮಾತ್ರ ಅವು ಮೊಳೆಯಲು ಒಪ್ಪುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೀರು ಚೆಲ್ಲಿ ಪಾತ್ರೆ ಬದಲಿಸುತ್ತಿದ್ದರು. ಪ್ರೆವೋ ಪಾತ್ರೆಯನ್ನೇ ಅನುಮಾನಿಸಿದರು. ತಾಮ್ರದ ಲವಣವಾದ ಮೈಲುತುತ್ತಿನ ನೀರಿನಲ್ಲಿ ಬಿತ್ತನೆ ಬೀಜ ಅದ್ದಿದರೆ ರೋಗ ತಡೆಯಬಹುದು ಎಂದು 1807ರಲ್ಲಿ ಬರೆದು ಪ್ರಕಟಿಸಿದರು. ಲೂಯಿ ಪಾಶ್ಚರ್ ಹುಟ್ಟುವುದಕ್ಕೂ 15 ವರ್ಷ ಮೊದಲಿನ ಮಾತು ಇದು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆ ಎಂಬ ವಿಚಾರವನ್ನೇ ಪ್ಯಾರಿಸ್ಸಿನ ಪಂಡಿತರು ಒಪ್ಪದಿದ್ದಾಗ, ಅದನ್ನು ಕೊಲ್ಲುವ ಪಾತ್ರೆಯ ಕತೆ ಯಾರಿಗೆ ಬೇಕಿತ್ತು?

1852ರಲ್ಲಿ ಪ್ಯಾರಿಸ್ಸಿನ ವೈದ್ಯ ವಿಕ್ಟರ್ ಬರ್ಕ್ ಒಂದು ತಾಮ್ರದ ಎರಕದ ಕಾರ್ಖಾನೆಗೆ ಹೋಗಿದ್ದರು. ಕಾಲರಾ ಬಂದಾಗ ಅಲ್ಲಿನ ಕೆಲಸಗಾರರಿಗೆ ಅದು ತಟ್ಟಿರಲಿಲ್ಲ ಎಂಬುದು ಅವರ ಗಮನಕ್ಕೆ ಬಂತು. ಅಲ್ಲಿಂದ ಅವರು ಲೆಕ್ಕ ಕೂಡಿಸಲು ಹೊರಟರು. 1865ರ ಕಾಲರಾದಲ್ಲಿ ಪ್ಯಾರಿಸ್ಸಿನಲ್ಲಿ ಸಾವಿರಕ್ಕೆ ಮೂರೂವರೆಗಿಂತ ಹೆಚ್ಚು ಮಂದಿ ಸತ್ತರೆ, ತಾಮ್ರದ ಕಸುಬಿನವರಲ್ಲಿ ಸತ್ತವರು ಅದಕ್ಕಿಂತ ಬಹಳ ಕಡಿಮೆ ಎಂದು ಅವರು ತೋರಿಸಿದರು. ಅಷ್ಟರ ತನಕ ಬರ್ಕ್ ನಡೆದ ದಾರಿ ಸರಿಯಾಗಿಯೇ ಇತ್ತು. ಆದರೆ ತಾಮ್ರವನ್ನು ಮೈಗೆ ಕಟ್ಟಿಕೊಂಡರೆ ಕಾಲರಾ ಬಾರದು ಎಂದು ಅವರು ಹೇಳತೊಡಗಿದರು. ಬೇರೆ ಬೇರೆ ಕಾಯಿಲೆಗೂ ಲೋಹದ ಪಟ್ಟಿಗಳನ್ನು ಕಟ್ಟುವ ಚಿಕಿತ್ಸೆಯೂ ಅವರದೇ. ಆ ಚಿಕಿತ್ಸೆಯ ಹೆಸರು ಕೆಟ್ಟಾಗ ಅವರು ಕಷ್ಟಪಟ್ಟು ಕೂಡಿಸಿದ ಲೆಕ್ಕವೂ ಅದರ ಜೊತೆ ಮೂಲೆ ಸೇರಿತು. ಒಳ್ಳೆಯ ಗಮನಿಕೆಗೆ ಅತಿಯಾದ ಮಾತು ಮಾಡುವ ಹಾನಿಗೆ ಬರ್ಕ್ ದೊಡ್ಡ ಉದಾಹರಣೆ. ಇವತ್ತು ತಾಮ್ರದ ನೀರು ಸಕಲ ರೋಗಕ್ಕೂ ಮದ್ದು ಎಂದು ಮೊಬೈಲಿನಲ್ಲಿ ಹಂಚುವವರು ಅವರ ಕತೆ ಓದಬೇಕು.

ತಾಮ್ರದ ಶಕ್ತಿಯನ್ನು ಹೊಲ–ತೋಟದವರು ಬೇಗ ಒಪ್ಪಿಕೊಂಡರು. 1882ರಲ್ಲಿ ಬೋರ್ಡೋ ಸೀಮೆಯ ದಾರಿಬದಿಯ ದ್ರಾಕ್ಷಿ ಬಳ್ಳಿಗಳಿಗೆ, ಹೋಗುವವರು ಬರುವವರು ಹಣ್ಣು ಕೀಳದಿರಲೆಂದು ಮೈಲುತುತ್ತು–ಸುಣ್ಣ ಕಲಸಿ ಎರಚಿದ್ದರು. ಬೂಜುರೋಗ ಬಂದು ಒಳಗಿನ ಸಾಲುಗಳ ಎಲೆ ಉದುರಿದರೂ ಆ ನೀಲಿ ಬಳ್ಳಿಗಳ ಎಲೆ ಹಾಗೇ ಇದ್ದದ್ದನ್ನು ಸಸ್ಯವಿಜ್ಞಾನಿ ಮಿಲ್ಲಾರ್ಡೆ ಕಂಡರು. 1885ರಲ್ಲಿ ಅವರು ಪ್ರಕಟಿಸಿದ ಮಿಶ್ರಣ ನಮ್ಮ ಮಲೆನಾಡಿಗೆ ಚೆನ್ನಾಗಿಯೇ ಪರಿಚಯ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಸಿ ನೋಡಿದರು. ಇವತ್ತಿಗೂ ಮಳೆಗಾಲ ಬಂತೆಂದರೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ಕಲಸಿ ಕೊನೆಗಳಿಗೆ ಮದ್ದು ಹೊಡೆಯುವ ಗಡಿಬಿಡಿ ಶುರು. ಶಿಲೀಂಧ್ರದ ವಿಷಯದಲ್ಲಿ ತಾಮ್ರ ಏನು ಮಾಡುತ್ತದೆ ಎಂಬುದನ್ನು ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬರಿಯ ಲೋಹ, ಗಟ್ಟಿ ಲೋಹ, ಅದೂ ಕ್ರಿಮಿಯನ್ನು ಕೊಲ್ಲುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದವರು ಮ್ಯೂನಿಕ್‌ನ ಕಾರ್ಲ್ ಫಾನ್ ನೇಗೆಲಿ. ತಳಿವಿಜ್ಞಾನದ ಮೂಲಪುರುಷ ಮೆಂಡಲ್ ಬಟಾಣಿ ಗಿಡಗಳ ಮೇಲಿನ ತನ್ನ ಪ್ರಯೋಗಗಳ ಬಗ್ಗೆ ಪತ್ರ ಬರೆದದ್ದು ಇದೇ ನೇಗೆಲಿಗೆ, ಅದರ ಮಹತ್ವ ಹಿಡಿಯಲಾಗದೆ ಹೋದವರೂ ಇವರೇ. ಆ ಕಾರಣಕ್ಕೆ ಚರಿತ್ರೆ ಅವರನ್ನು ಕಟುವಾಗಿಯೇ ನೆನೆಯುತ್ತದೆ. ಅವರ ಈ ಇನ್ನೊಂದು ಕೆಲಸಕ್ಕೆ ಸಲ್ಲಬೇಕಾದಷ್ಟು ಮರ್ಯಾದೆ ಸಂದಿಲ್ಲ ಎಂದು ನನಗನ್ನಿಸುತ್ತದೆ. ಕೆರೆಯ ನೀರಿನಲ್ಲಿ ನೂಲಿನೆಳೆಯಂತೆ ತೇಲುವ ಸ್ಪೈರೋಗೈರಾ ಪಾಚಿಯನ್ನು ಅವರು ಸಾಕುತ್ತಿದ್ದರು. ಬಟ್ಟಿ ಇಳಿಸಿದ ಶುದ್ಧ ನೀರಿಗೆ ಹಾಕಿದರೆ ಅದು ಸಾಯುತ್ತಿತ್ತು. ಶುದ್ಧ ನೀರು ಕೊಲ್ಲುವುದೇ? ಹುಡುಕುತ್ತ ಹೋದಾಗ, ನೀರು ಬಟ್ಟಿ ಇಳಿಸಿದ ಉಪಕರಣದ ತಾಮ್ರ ಸಿಕ್ಕಿಬಿತ್ತು. ನೀರಿಗೆ ಇಳಿದಿದ್ದ ತಾಮ್ರ ಎಷ್ಟು ಅತ್ಯಲ್ಪ ಎಂದರೆ, ಇದು ರಸಾಯನಶಾಸ್ತ್ರಕ್ಕೆ ಹೊರಗಿನ ಯಾವುದೋ ಹೊಸ ಬಲ ಎಂದೇ ಅವರು ಮೊದಲು ಭಾವಿಸಿದ್ದರು. ಪ್ರಯೋಗ ಮುಂದುವರಿದಂತೆ, ಬಲವೂ ಇಲ್ಲ ಗಿಲವೂ ಇಲ್ಲ, ಕರಗಿದ ಲೋಹವೇ ಕೊಲೆಗಾರ ಎಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಈ ಬರಹ ಅಚ್ಚಾದದ್ದು 1893ರಲ್ಲಿ. ನೇಗೆಲಿ 1891ರಲ್ಲೇ ತೀರಿಕೊಂಡಿದ್ದರು.

ಆಮೇಲೆ ಬಂದದ್ದು ಇಪ್ಪತ್ತನೆಯ ಶತಮಾನ. ಸ್ಟೀಲು ಬಂತು, ಪ್ಲಾಸ್ಟಿಕ್ ಬಂತು, ಪೆನಿಸಿಲಿನ್ ಬಂತು. ಒಂದು ಚುಚ್ಚುಮದ್ದು ಸೋಂಕನ್ನು ವಾಸಿ ಮಾಡುವಾಗ ಬಾಗಿಲ ಹಿಡಿಕೆ ಯಾವ ಲೋಹದ್ದು ಎಂದು ಯೋಚಿಸುವವರು ಯಾರು? ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆಗಳಲ್ಲಿ ಬೇರೂರಿದ ಮೇಲಷ್ಟೇ ಆ ಯೋಚನೆ ಮರಳಿ ಬಂತು.

ಮರಳಿ ತಂದವರಲ್ಲಿ ಮುಖ್ಯರು ಇಂಗ್ಲೆಂಡಿನ ಬಿಲ್ ಕೀವಿಲ್. ಅವರು ಮೊದಲು ನೋಡುತ್ತಿದ್ದದ್ದು ನೀರಿನ ಕೊಳವೆಗಳನ್ನು: ಯಾವ ವಸ್ತುವಿನ ಕೊಳವೆಯೊಳಗೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುತ್ತದೆ ಎಂಬುದನ್ನು. ಅಲ್ಲಿ ತಾಮ್ರದ ಕೊಳವೆ ಬೇರೆಯದೇ ನಡವಳಿಕೆ ತೋರಿತು. ಸೌತಾಂಪ್ಟನ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅವರೂ ಸಂಗಡಿಗರೂ ಕೊಳವೆ ಬಿಟ್ಟು ಲೋಹದ ಬಿಲ್ಲೆಗಳನ್ನು ಹಿಡಿದರು. ಅನೇಕ ಔಷಧಗಳಿಗೆ ಬಗ್ಗದ, ಎಂಆರ್‌ಎಸ್‌ಎ ಎಂದು ಆಸ್ಪತ್ರೆಯವರು ಹೆದರುವ ಸ್ಟ್ಯಾಫಿಲೋಕಾಕಸ್ಸನ್ನು ಬಿಲ್ಲೆಗಳ ಮೇಲೆ ಬಿಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕೋಣೆಯ ಉಷ್ಣತೆಯಲ್ಲಿ, ತಾಮ್ರದ ಮೇಲೆ ಒಂದೂವರೆ ಗಂಟೆಗೆ ಎಲ್ಲವೂ ಸತ್ತಿದ್ದವು. ಶೇ 80ರಷ್ಟು ತಾಮ್ರವಿದ್ದ ಹಿತ್ತಾಳೆಗೆ ನಾಲ್ಕೂವರೆ ಗಂಟೆ ಬೇಕಾಯಿತು. ಸ್ಟೀಲಿನ ಮೇಲೆ ಮೂರು ದಿನ ಕಳೆದರೂ ಜೀವಂತ. ಕೂನ್ ಅವರ ಪಟ್ಟಿಗಳು ಹೇಳಿದ್ದನ್ನೇ ಕೀವಿಲ್ ಅವರ ಬಿಲ್ಲೆಗಳೂ ಹೇಳಿದವು.

ಹೇಗೆ ಸಾಯುತ್ತದೆ? ಒಣ ತಾಮ್ರದ ಮೇಲೆ ಕೂತ ಬ್ಯಾಕ್ಟೀರಿಯಾಗೆ ಮೊದಲ ಪೆಟ್ಟು ಬೀಳುವುದು ಅದರ ಹೊರಪೊರೆಗೆ ಎಂದು ಹಲವು ಪ್ರಯೋಗಗಳು ಹೇಳುತ್ತವೆ. ಲೋಹದಿಂದ ಬಿಡುಗಡೆಯಾದ ತಾಮ್ರದ ಅಯಾನುಗಳು ಪೊರೆಯನ್ನು ತೂತುಮಾಡುತ್ತವೆ, ಒಳಗಿನ ಸಾರ ಸೋರಿಹೋಗುತ್ತದೆ. ಒಳನುಗ್ಗಿದ ತಾಮ್ರ ಕಿಣ್ವಗಳೊಳಗಿನ ಬೇರೆ ಲೋಹಗಳನ್ನು ತಳ್ಳಿ ತಾನು ಕೂರುತ್ತದೆ. ಕೊನೆಗೆ ಡಿಎನ್‌ಎ ಕೂಡ ಚೂರಾಗುತ್ತದೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ.

ಈ ಚರ್ಚೆಯ ನಡುವೆ ನನಗೆ ತುಂಬ ಹಿಡಿಸಿದ ಪ್ರಯೋಗ ಒಂದಿದೆ. ಸ್ವಿಟ್ಜರ್ಲೆಂಡಿನ ಬರ್ನ್‌ನ ಮಾರ್ಕ್ ಸೋಲಿಯೋಜ್ ಮತ್ತು ಜರ್ಮನಿಯ ಸಂಗಡಿಗರು 2013ರಲ್ಲಿ ಪ್ರಕಟಿಸಿದ್ದು. ತಾಮ್ರದ ತಗಡಿನ ಮೇಲೆ ಜೇನುಹುಟ್ಟಿನ ಕಣ್ಣುಗಳಂಥ ಅತಿ ಸಣ್ಣ ಜಾಲರಿಯನ್ನು ಒಂದು ನಿರುಪದ್ರವಿ ಪಾಲಿಮರ್‌ನಿಂದ ಮಾಡಿದರು. ಜಾಲರಿಯ ಕಣ್ಣಿನಲ್ಲಿ ದ್ರವ ಇಳಿದು ತಾಮ್ರವನ್ನು ಮುಟ್ಟಬಹುದು, ಬ್ಯಾಕ್ಟೀರಿಯಾಗೆ ಮಾತ್ರ ಲೋಹ ಸೋಕುವುದಿಲ್ಲ. ದ್ರವಕ್ಕೆ ತಾಮ್ರ ಇಳಿಯುತ್ತಲೇ ಇತ್ತು, ಆದರೂ ಸಾವು ಬಹಳ ಮಟ್ಟಿಗೆ ನಿಂತುಹೋಯಿತು. ಇನ್ನೊಂದು ಕಡೆ, ಬರಿಯ ಕಬ್ಬಿಣದ ಮೇಲೆ ಬ್ಯಾಕ್ಟೀರಿಯಾ ಸಾಯುವುದಿಲ್ಲ; ಅಲ್ಲಿಗೆ ತಾಮ್ರದ ಅಯಾನು ಸೇರಿಸಿದಾಗ ಸಾಯತೊಡಗಿತು. ಅಂದರೆ ಕರಗಿದ ತಾಮ್ರವೂ ಬೇಕು, ಲೋಹದ ಮೈ ನೇರವಾಗಿ ಸೋಕುವುದೂ ಬೇಕು. ನೇಗೆಲಿ ಕಂಡದ್ದು ಅರ್ಧ. ಉಳಿದರ್ಧ ಸಿಗಲು 120 ವರ್ಷ ಹಿಡಿಯಿತು.

ಬ್ಯಾಕ್ಟೀರಿಯಾಗಳು ಇದಕ್ಕೂ ಒಗ್ಗಿಕೊಳ್ಳಲಾರವೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹೆಚ್ಚಿನ ತಾಮ್ರವನ್ನು ಹೊರಗೆ ಪಂಪು ಮಾಡುವ ವ್ಯವಸ್ಥೆ ಅನೇಕ ಬ್ಯಾಕ್ಟೀರಿಯಾಗಳಲ್ಲಿದೆ. ಆಹಾರದಲ್ಲಿ ತಾಮ್ರ ಸೇರಿಸಿ ತಿನ್ನಿಸುವ ಡೆನ್ಮಾರ್ಕಿನ ಹಂದಿಗಳಲ್ಲಿ ಅಂಥ ತಳಿಗಳೂ ಸಿಕ್ಕಿವೆ. ಒಣ ಲೋಹದ ಮೇಲೆ ಅವು ಸ್ವಲ್ಪ ಹೆಚ್ಚು ಹೊತ್ತು ತಡೆದುಕೊಂಡಾವು, ಕೊನೆಗೆ ಸಾಯುತ್ತವೆ. ನಮ್ಮ ದೇಹವೂ ಈ ಉಪಾಯವನ್ನು ಬಲ್ಲದು: ರಕ್ಷಣಾ ಕಣಗಳು ನುಂಗಿದ ಬ್ಯಾಕ್ಟೀರಿಯಾದ ಮೇಲೆ ತಾಮ್ರವನ್ನು ಸುರಿಯುತ್ತವೆ.

ಪ್ರಯೋಗಾಲಯದ ಬಿಲ್ಲೆ ಒಂದು, ಜನ ಓಡಾಡುವ ವಾರ್ಡು ಇನ್ನೊಂದು. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಆಸ್ಪತ್ರೆಯಲ್ಲಿ ಶೌಚಾಲಯದ ಆಸನ, ನಲ್ಲಿಯ ಹಿಡಿ, ಬಾಗಿಲು ನೂಕುವ ತಗಡು ಇವನ್ನು ತಾಮ್ರ ಬೆರೆತ ವಸ್ತುವಿನಿಂದ ಮಾಡಿಸಿ, ಮಾಮೂಲಿಯವುಗಳ ಜೊತೆ ಹೋಲಿಸಿದರು. ಕೆಲವು ವಾರ ಕಳೆದ ಮೇಲೆ ಅವನ್ನು ಅದಲುಬದಲು ಮಾಡಿ ಮತ್ತೆ ಎಣಿಸಿದರು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ತಾಮ್ರದವುಗಳ ಮೇಲೆ ಕ್ರಿಮಿಗಳು ಶೇ 90ರಿಂದ 100ರಷ್ಟು ಕಡಿಮೆ. ಅಷ್ಟರಲ್ಲಿ 2008ರಲ್ಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾನಾಶಕ ಎಂದು ನೋಂದಾಯಿಸಿತ್ತು. ಗಟ್ಟಿ ವಸ್ತುವೊಂದಕ್ಕೆ ಅಂಥ ಮಾನ್ಯತೆ ಅಲ್ಲಿ ಸಿಕ್ಕಿದ್ದು ಅದೇ ಮೊದಲು.

ಆದರೆ ರೋಗಿಗೆ ಬೇಕಿರುವುದು ಕ್ರಿಮಿಯ ಲೆಕ್ಕವಲ್ಲ, ತನಗೆ ಸೋಂಕು ತಗಲದಿರುವುದು. ಅಮೆರಿಕದ ಮೂರು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಮಂಚದ ಕಂಬಿ, ಊಟದ ಮೇಜು, ಡ್ರಿಪ್ ಕಂಬದಂಥ ವಸ್ತುಗಳನ್ನು ತಾಮ್ರದ್ದಾಗಿಸಿ 614 ರೋಗಿಗಳನ್ನು ಗಮನಿಸಿದರು. ಆಸ್ಪತ್ರೆಯಲ್ಲಿ ತಗಲಿದ ಸೋಂಕು ಸಾಮಾನ್ಯ ಕೋಣೆಗಳಲ್ಲಿ ಶೇ 8.1 ಇದ್ದರೆ ತಾಮ್ರದ ಕೋಣೆಗಳಲ್ಲಿ ಶೇ 3.4 ಎಂದು 2013ರ ವರದಿ ಹೇಳಿತು. ಇಷ್ಟು ದೊಡ್ಡ ಇಳಿಕೆ ನಂತರದ ಅಧ್ಯಯನಗಳಲ್ಲೆಲ್ಲ ಕಂಡುಬಂದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕೈ ತೊಳೆಯದ ವೈದ್ಯರ ಕೈಯನ್ನು ಯಾವ ಲೋಹವೂ ಶುದ್ಧ ಮಾಡದು.

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ತಾಮ್ರದ ಬಿಂದಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಪದ್ಧತಿ ನಮ್ಮಲ್ಲಿ ತಲೆತಲಾಂತರದ್ದು. ಅಜ್ಜಿ ಹೇಳಿದ್ದು ನಿಜವೇ ಎಂದು ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪ್ರತಿಷ್ಠಾನದ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಕೋಲ್ಕತ್ತಾದ ಕಾಲರಾ ಸಂಶೋಧನಾ ಸಂಸ್ಥೆಯವರ ಜೊತೆಗೂಡಿ ಪರೀಕ್ಷಿಸಿದರು. ಕಾಲರಾ, ಟೈಫಾಯ್ಡ್, ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಮಿಲಿಲೀಟರಿಗೆ 500ರಂತೆ ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆ ಬಳಿಕ ತಟ್ಟೆಯಲ್ಲಿ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 2 ಮಿಲಿಗ್ರಾಂ. 2012ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮುಂಚೆ, 2005ರಲ್ಲಿ, ಚಂಡೀಗಢದ ಸಂಶೋಧಕರು ಇಂಗ್ಲೆಂಡಿನ ರಾಬ್ ರೀಡ್ ಜೊತೆ ಸೇರಿ ಹಿತ್ತಾಳೆ ಕೊಡದಲ್ಲೂ ಈ. ಕೋಲೈ ಎರಡು ದಿನದಲ್ಲಿ ಇಲ್ಲವಾಗುವುದನ್ನು ತೋರಿಸಿದ್ದರು.

ಇಲ್ಲಿ ಬರ್ಕ್ ಮಾಡಿದ ತಪ್ಪನ್ನು ನಾವು ಮಾಡಬಾರದು. ತಾಮ್ರದ ಬಿಂದಿಗೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪಾವಗಡ, ಕೋಲಾರದ ಕೊಳವೆಬಾವಿಯ ಫ್ಲೋರೈಡನ್ನು ತೆಗೆಯುವುದಿಲ್ಲ. ಕೊಡಕ್ಕೆ ತುಂಬಿ ಅರ್ಧ ಗಂಟೆಗೆ ಕುಡಿದರೆ ಪ್ರಯೋಜನವಿಲ್ಲ, ಅದಕ್ಕೆ ರಾತ್ರಿಯೆಲ್ಲ ಸಮಯ ಬೇಕು. ಒಳಮೈ ಬರಿಯ ತಾಮ್ರವಾಗಿರಬೇಕು, ಕಿಲುಬು ಹಿಡಿಯದಂತೆ ಹುಣಸೆಹಣ್ಣು ಹಾಕಿ ಉಜ್ಜಿರಬೇಕು. ಹುಳಿಯದನ್ನು, ಅಂದರೆ ಮಜ್ಜಿಗೆ, ನಿಂಬೆ ಶರಬತ್ತು, ಸಾರು ಇಂಥವನ್ನು ಅದರಲ್ಲಿ ಇಡಲೇಬಾರದು. ಹುಳಿಗೆ ತಾಮ್ರ ಹೆಚ್ಚು ಕರಗಿ ವಾಂತಿ, ಹೊಟ್ಟೆನೋವು ತರುತ್ತದೆ. ಅಡುಗೆಯ ತಾಮ್ರ–ಹಿತ್ತಾಳೆ ಪಾತ್ರೆಗಳ ಒಳಮೈಗೆ ಕಲಾಯಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಇನ್ನೊಂದು ಮಾತನ್ನು ಕಟ್ಟಡ ಕಟ್ಟುವವರಿಗೂ ಕಟ್ಟಿಸುವವರಿಗೂ ಹೇಳಬೇಕು. ಅಂಗಡಿಯಲ್ಲಿ ಇವತ್ತು ಸಿಗುವ ಹಿತ್ತಾಳೆ ಹಿಡಿಕೆಗಳಲ್ಲಿ ಬಹುಪಾಲು ಹೊಳಪು ಮಾಸದಿರಲೆಂದು ಪಾರದರ್ಶಕ ಲ್ಯಾಕರ್ ಬಳಿದವು. ಲೋಹದ ಮೈ ಸೋಕದಿದ್ದರೆ ಕ್ರಿಮಿ ಸಾಯುವುದಿಲ್ಲ ಎಂದು ಜಾಲರಿಯ ಪ್ರಯೋಗ ತೋರಿಸಿಕೊಟ್ಟಿದೆ. ಲ್ಯಾಕರ್ ಮಾಡುವುದೂ ಅದನ್ನೇ. ತಾಲ್ಲೂಕು ಆಸ್ಪತ್ರೆಯ ಹೊಸ ಕಟ್ಟಡವಿರಲಿ, ಊರಿನ ನರ್ಸಿಂಗ್ ಹೋಂ ಇರಲಿ, ಎಲ್ಲ ಕಡೆ ತಾಮ್ರ ಹಾಕಿಸುವಷ್ಟು ದುಡ್ಡು ಇರುವುದಿಲ್ಲ, ಅಷ್ಟು ಬೇಕಾಗಿಯೂ ಇಲ್ಲ. ದಿನಕ್ಕೆ ನೂರಾರು ಕೈ ಮುಟ್ಟುವ ನಾಲ್ಕೈದು ಜಾಗಗಳಿವೆ: ವಾರ್ಡಿನ ಬಾಗಿಲ ಹಿಡಿ, ಮಂಚದ ಪಕ್ಕದ ಕಂಬಿ, ನಲ್ಲಿ, ಶೌಚಾಲಯದ ಚಿಲಕ, ಮೆಟ್ಟಿಲಿನ ಕೈಹಿಡಿ. ಅಲ್ಲಿಗೆ ಲ್ಯಾಕರ್ ಇಲ್ಲದ ಹಿತ್ತಾಳೆ ಕೇಳಿ ಹಾಕಿಸಿ. ಅದು ಕಪ್ಪಾಗುತ್ತದೆ, ಆಗಲಿ. ವಾರಕ್ಕೊಮ್ಮೆ ಉಜ್ಜಿಸಿ. ನೆಲ ಒರೆಸುವುದನ್ನೂ ಕೈ ತೊಳೆಯುವುದನ್ನೂ ಮಾತ್ರ ಒಂದು ದಿನವೂ ತಪ್ಪಿಸಬೇಡಿ.